ಗಳಿಕೆಯ ಪಟ್ಟಿಯಾಚೆಗೆ ಎರಡು ಚಿತ್ರ, ಒಂದು ಆಲ್ಬಂ

ಮಾನ್ಯರೇ,

2023ರ ಚಿತ್ರಗಳ ಪಟ್ಟಿಗಳಲ್ಲಿ ಗಳಿಕೆಯ ಲೆಕ್ಕವೇ ಜಾಸ್ತಿ. ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೆ.

ಹೇಮಂತ್ ರಾವ್ ಅವರ ‘ಸಪ್ತ ಸಾಗರದಾಚೆ ಎಲ್ಲೋ’ ಸೆಪ್ಟೆಂಬರ್‌ನಲ್ಲಿ ಸೈಡ್ ಎ, ನವೆಂಬರ್‌ನಲ್ಲಿ ಸೈಡ್ ಬಿ ಆಗಿ ಬಂತು. ಕ್ಯಾಸೆಟ್‌ನ ಎರಡು ಮಗ್ಗುಲಿನ ಹಾಗೆ. ಹೆಸರು ಗೋಪಾಲಕೃಷ್ಣ ಅಡಿಗರ ಕವಿತೆಯ ಸಾಲು. ನನಗೆ ಸೈಡ್ ಎ ಹೆಚ್ಚು ಇಷ್ಟ. ಪ್ರೇಮಿಗಳಲ್ಲಿ ಮನು ಜೈಲಿನಲ್ಲಿ, ಪ್ರಿಯಾ ಹೊರಗೆ. ಆ ಕಾಯುವಿಕೆಯನ್ನು ಪ್ರಿಯಾ ಪಾತ್ರದ ರುಕ್ಮಿಣಿ ವಸಂತ್ ಕಣ್ಣಲ್ಲೇ ತೋರಿಸಿದರು. ಚರಣ್ ರಾಜ್ ಅವರ ಹಾಡುಗಳಂತೂ ನನ್ನ ಪಾಲಿಗೆ ವರ್ಷದ ಆಲ್ಬಂ. ರಾತ್ರಿ ಅಡುಗೆಮನೆ ಕೆಲಸ ಮುಗಿಸಿ, ದೀಪ ಆರಿಸಿ ಕೇಳುತ್ತೇನೆ. ಚಿತ್ರ ನೋಡಿ ತಿಂಗಳುಗಳಾದರೂ ಗಂಟಲು ಕಟ್ಟುತ್ತದೆ.

ಇನ್ನೊಂದು ಶಶಾಂಕ್ ಸೋಗಾಲ್ ಅವರ ‘ಡೇರ್‌ಡೆವಿಲ್ ಮುಸ್ತಾಫಾ’. ಪೂರ್ಣಚಂದ್ರ ತೇಜಸ್ವಿಯವರ ಕಥೆಗೆ ಅವರ ಅಭಿಮಾನಿಗಳೇ ದುಡ್ಡು ಹಾಕಿದರು. ಎಷ್ಟು ಚಂದದ ಕೆಲಸ ಅಲ್ವಾ! ಕಾಲೇಜಿಗೆ ಬಂದ ಒಬ್ಬ ಮುಸ್ಲಿಂ ಹುಡುಗನ ಬಗ್ಗೆ ಉಳಿದವರಿಗೆ ಏನೇನೋ ಕಲ್ಪನೆ. ಅದು ಕರಗುವ ಬಗೆಯನ್ನು ನಗಿಸುತ್ತಲೇ ತೋರಿಸಿದರು. ನಾನು ಹೋದ ದಿನ ಚಿತ್ರಮಂದಿರದಲ್ಲಿ ಹದಿನೈದು ಜನರೂ ಇರಲಿಲ್ಲ. ಬೇಸರವಾಯಿತು.

ಓದುಗರ ಮೆಚ್ಚಿನ ಚಿತ್ರ, ಹಾಡುಗಳಿಗೆ ನಿಮ್ಮ ಪತ್ರಿಕೆಯಲ್ಲಿ ವರ್ಷಕ್ಕೊಮ್ಮೆ ಒಂದು ಪುಟ ಕೊಡಿ.

– ಓದುಗರೊಬ್ಬರು, ಶಿವಮೊಗ್ಗ