ಹಮ್ಮಸ್ ಡಬ್ಬಿಯ ದಿನದ ಲೆಕ್ಕ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನ್ಯೂಜೆರ್ಸಿಯಲ್ಲಿ ಹಮ್ಮಸ್, ಅಂದರೆ ಬೆಂದ ಕಾಬೂಲಿ ಕಡಲೆಗೆ ಎಳ್ಳಿನ ಪೇಸ್ಟು, ನಿಂಬೆರಸ ಸೇರಿಸಿ ರುಬ್ಬಿದ ಚಟ್ನಿ, ಮಾಡಿ ಮಾರುವ ನಿನ್ನ ಯೋಜನೆ ಓದಿದೆ. ರುಚಿ, ಲೇಬಲ್, ಹೆಸರು ಎಲ್ಲವನ್ನೂ ವಿವರವಾಗಿ ಬರೆದಿದ್ದೀಯ. ಡಬ್ಬಿ ಎಷ್ಟು ದಿನ ಕೆಡದೆ ಇರುತ್ತದೆ ಅನ್ನುವುದು ಮಾತ್ರ ಎಲ್ಲೂ ಇಲ್ಲ. ಎಲ್ಲಿ ಮಾರಬಹುದು, ಯಾರಿಗೆ ಮಾರಬಹುದು ಎಂಬುದು ಆ ಒಂದು ಅಂಕಿಯ ಮೇಲೆ ನಿಂತಿದೆ. ಅದಕ್ಕೇ ಈ ಕಾಗದ.

ಕೊಳ್ಳುವವರಿಗೆ ಕೊರತೆಯಿಲ್ಲ. ಮಾಂಸ, ಹಾಲು, ಗೋಧಿ ಯಾವುದೂ ಇಲ್ಲದೆ ಪ್ರೋಟೀನೂ ನಾರೂ ಸಿಗುವ, ಡಬ್ಬಿ ತೆರೆದ ಕೂಡಲೇ ತಿನ್ನಬಹುದಾದ ಪದಾರ್ಥ ಇದು. ಆದರೆ ಹಮ್ಮಸ್ ಮಾರುವ ದೊಡ್ಡ ಕಂಪನಿ ಸಾಬ್ರಾ 1986ರಲ್ಲೇ ನ್ಯೂಯಾರ್ಕಿನಲ್ಲಿ ಶುರುವಾಯಿತು, 2008ರಲ್ಲಿ ಪೆಪ್ಸಿಕೋ ಅದರ ಪಾಲುದಾರನಾಯಿತು. ಸೂಪರ್‌ಮಾರ್ಕೆಟ್ಟಿನ ಶೆಲ್ಫು ನಿನಗಾಗಿ ಖಾಲಿ ಕಾದಿಲ್ಲ. ಎಂಟು ರುಚಿಗಳ ಪಟ್ಟಿಯನ್ನು ಎರಡಕ್ಕೆ ಇಳಿಸು. ಮಾರಾಟವಾಗದ ಪ್ರತಿ ರುಚಿಯೂ ಕಸದಬುಟ್ಟಿಗೆ ಹೋಗುವ ಹಣ.

ಮನೆಯ ಅಡುಗೆಮನೆಯಲ್ಲಿ ಮಾಡುವ ಯೋಚನೆ ಬಿಡು. ಮನೆಯಲ್ಲಿ ಮಾಡಿ ಮಾರಲು ನಿಮ್ಮ ರಾಜ್ಯ 2021ರಿಂದ ಕೊಡುತ್ತಿರುವ ಪರವಾನಗಿ ಬ್ರೆಡ್ಡು, ಬಿಸ್ಕತ್ತಿನಂಥ ಫ್ರಿಜ್ ಬೇಡದ ತಿಂಡಿಗಳಿಗೆ ಮಾತ್ರ. ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಕಮರ್ಷಿಯಲ್ ಕಿಚನ್ ಹುಡುಕು. ಅಲ್ಲಿ ವಾಕ್-ಇನ್ ಕೂಲರಿನಲ್ಲಿ (ಒಳಗೆ ನಡೆದು ಹೋಗುವಷ್ಟು ದೊಡ್ಡ ಫ್ರಿಜ್ಜು) ನಿನಗೆ ಎಷ್ಟು ಜಾಗ ಕೊಡುತ್ತಾರೆ ಎಂದು ಬಾಡಿಗೆಗಿಂತ ಮೊದಲು ಕೇಳು. ಅಮೆರಿಕದಲ್ಲಿ ಎಳ್ಳನ್ನು 2023ರ ಜನವರಿ 1ರಿಂದ ಪ್ರಮುಖ ಅಲರ್ಜಿ ಪದಾರ್ಥಗಳ ಸಾಲಿಗೆ ಸೇರಿಸಿದ್ದಾರೆ. ಲೇಬಲ್ಲಿನಲ್ಲಿ ಅದು ಸ್ಪಷ್ಟವಾಗಿ ಇರಲೇಬೇಕು.

ಸುಮಾರು 10 ಕೆಜಿಗೆ ಅಳತೆ ಹೀಗೆ: ಒಣ ಕಾಬೂಲಿ ಕಡಲೆ 2.5 ಕೆಜಿ (ಬೆಂದರೆ ಐದೂವರೆ ಕೆಜಿಯಷ್ಟು ಆಗುತ್ತದೆ), ತಹಿನಿ (ಎಳ್ಳಿನ ಪೇಸ್ಟು) 2 ಕೆಜಿ, ನಿಂಬೆರಸ 700 ಮಿಲಿ, ತಣ್ಣೀರು ಒಂದೂಕಾಲು ಲೀಟರ್, ಉಪ್ಪು 110 ಗ್ರಾಂ, ಬೆಳ್ಳುಳ್ಳಿ 60 ಗ್ರಾಂ. ಕಡಲೆಯನ್ನು ಫ್ರಿಜ್ಜಿನಲ್ಲೇ ನೆನೆಹಾಕು, ಸೆಕೆಯಲ್ಲಿಟ್ಟರೆ ರಾತ್ರಿ ಕಳೆಯುವಷ್ಟರಲ್ಲಿ ಹುಳಿವಾಸನೆ ಬರುತ್ತದೆ. ಬೇಯಿಸುವಾಗ ಕೆಜಿಗೆ ಎರಡು ಟೀ ಚಮಚ ಅಡುಗೆ ಸೋಡಾ ಹಾಕಿದರೆ ಸಿಪ್ಪೆ ಕರಗುವಷ್ಟು ಮೆತ್ತಗಾಗುತ್ತದೆ. ಆಮೇಲೆ ಚೆನ್ನಾಗಿ ತೊಳೆಯದಿದ್ದರೆ ಉಳಿದ ಸೋಡಾ ನಿಂಬೆಯ ಹುಳಿಯನ್ನು ತಿಂದುಹಾಕಿ ಪಿಎಚ್ (ಹುಳಿ ಕಡಿಮೆಯಾದಷ್ಟೂ ಏರುವ ಅಳತೆ) ಏರಿಸುತ್ತದೆ. ಬೆಳ್ಳುಳ್ಳಿಯನ್ನು ನಿಂಬೆರಸದಲ್ಲೇ ಅರೆದು ಹತ್ತು ನಿಮಿಷ ಬಿಡು, ಘಾಟು ತಗ್ಗುತ್ತದೆ. ಮಿಕ್ಸಿಗೆ ಎಕ್ಸ್‌ಟ್ರಾ ವರ್ಜಿನ್ ಆಲಿವ್ ಎಣ್ಣೆ ಹಾಕಿ ಜೋರಾಗಿ ತಿರುಗಿಸಿದರೆ ಕಹಿಯಾಗುತ್ತದೆ, ಅದನ್ನು ಮೇಲೆ ಹಾಕು. ತಣ್ಣಗಾದಾಗ ಹಮ್ಮಸ್ ಗಟ್ಟಿಯಾಗುವುದರಿಂದ ರುಬ್ಬುವಾಗ ಬೇಕಾದ್ದಕ್ಕಿಂತ ಸ್ವಲ್ಪ ತೆಳ್ಳಗೇ ಇರಲಿ.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಬೆಂದ ಕಡಲೆಯನ್ನು ತಣ್ಣಗಾಗಿಸುವಾಗ. ದೊಡ್ಡ ಪಾತ್ರೆಯಲ್ಲಿ ಹಾಗೇ ಕೂಲರಿಗೆ ತಳ್ಳಿದರೆ ನಡುಭಾಗ ಗಂಟೆಗಟ್ಟಲೆ ಬೆಚ್ಚಗಿರುತ್ತದೆ. ಕುದಿಯುವ ನೀರಿನಲ್ಲೂ ಬದುಕುಳಿದ ಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಅಲ್ಲಿ ಮೊಳೆಯುತ್ತವೆ. 5 ಸೆಂ.ಮೀ. ಆಳದ ಟ್ರೇಗಳಲ್ಲಿ ಹರಡು. 57 ಡಿಗ್ರಿಯಿಂದ 21 ಡಿಗ್ರಿ ಸೆಲ್ಸಿಯಸ್‌ಗೆ ಎರಡು ಗಂಟೆಯೊಳಗೆ, ಅಲ್ಲಿಂದ 5 ಡಿಗ್ರಿಗೆ ಮುಂದಿನ ನಾಲ್ಕು ಗಂಟೆಯೊಳಗೆ ಇಳಿಯಬೇಕು. ಥರ್ಮಾಮೀಟರ್ ಚುಚ್ಚಿ ಬರೆದಿಡು. ಇನ್ನು ಕಾಯಿಲೆ ತರುವ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಫ್ರಿಜ್ಜಿನ ಚಳಿಯಲ್ಲೂ ಬೆಳೆಯುತ್ತದೆ. 2016ರ ನವೆಂಬರಿನಲ್ಲಿ ಸಾಬ್ರಾ ತನ್ನ ಹಮ್ಮಸ್ ವಾಪಸ್ ಕರೆಸಿಕೊಂಡದ್ದು ಕಾರ್ಖಾನೆಯಲ್ಲಿ ಆ ಜೀವಾಣು ಸಿಕ್ಕಿದ್ದಕ್ಕೆ. ಒದ್ದೆ ನೆಲ, ಚರಂಡಿ ಜಾಲರಿ, ಮಿಕ್ಸಿಯ ರಬ್ಬರ್ ಗ್ಯಾಸ್ಕೆಟ್ ಇವುಗಳ ಮೇಲೆ ಕಣ್ಣಿರಲಿ.

ಇಷ್ಟು ಜಾಗ್ರತೆ ಮಾಡಿದರೂ ಪ್ರಿಸರ್ವೇಟಿವ್ ಇಲ್ಲದ ಹಮ್ಮಸ್‌ಗೆ ಒಂದು ವಾರಕ್ಕಿಂತ ಹೆಚ್ಚು ನಂಬಬೇಡ. ಸೂಪರ್‌ಮಾರ್ಕೆಟ್ಟಿಗೆ ವಾರಗಟ್ಟಲೆ ಬಾಳಿಕೆ ಬೇಕು, ಡಿಸ್ಟ್ರಿಬ್ಯೂಟರಿನ ಗೋದಾಮಿನಲ್ಲೇ ಎಷ್ಟೋ ದಿನ ಕಳೆದುಹೋಗುತ್ತದೆ. ಮುಚ್ಚಿದ ಡಬ್ಬಿಯನ್ನು ನೀರಿನಲ್ಲಿಟ್ಟು ಸುಮಾರು 6,000 ಬಾರ್ ಒತ್ತಡ ಕೊಡುವ ಎಚ್‌ಪಿಪಿ (ಹೈ ಪ್ರೆಶರ್ ಪ್ರೊಸೆಸಿಂಗ್) ವಿಧಾನದಿಂದ ಬಾಳಿಕೆ ಬೆಳೆಸಬಹುದು. ಬಾಡಿಗೆಗೆ ಮಾಡಿಕೊಡುವವರೂ ಇದ್ದಾರೆ. ಆದರೆ ಗಾಜಿನ ಡಬ್ಬಿ ಆ ಒತ್ತಡ ತಡೆಯದು, ಒತ್ತಿದರೆ ಬಾಗುವ ಪ್ಲಾಸ್ಟಿಕ್ಕೇ ಬೇಕು. ಕನಿಷ್ಠ ಇಷ್ಟು ತೂಕ ತರಬೇಕೆಂಬ ಷರತ್ತೂ ಇರುತ್ತದೆ.

ಹಣದ ಲೆಕ್ಕ ನೋಡು. ಶೆಲ್ಫಿನಲ್ಲಿ 6 ಡಾಲರಿನ ಡಬ್ಬಿ ಅನ್ನು. ಅಂಗಡಿಯವರು 35% ಇಟ್ಟುಕೊಂಡರೆ ಉಳಿಯುವುದು 3.90. ಡಿಸ್ಟ್ರಿಬ್ಯೂಟರ್ ಅದರಲ್ಲಿ 25% ಹಿಡಿದರೆ ನಿನ್ನ ಕೈಗೆ 2.93. ಕಡಲೆ, ತಹಿನಿ, ಡಬ್ಬಿ, ಕೂಲಿ, ಎಚ್‌ಪಿಪಿ ಎಲ್ಲ ಅದರಲ್ಲೇ ಆಗಬೇಕು. ರಿಯಾಯಿತಿ ವಾರದ ಖರ್ಚು, ಅವಧಿ ಮುಗಿದ ಡಬ್ಬಿಗಳ ಕಡಿತವೂ ನಿನ್ನ ತಲೆಗೇ. ರೈತರ ಸಂತೆಯಲ್ಲಾದರೆ ಸ್ಟಾಲ್ ಬಾಡಿಗೆ ಕಳೆದು ಆರೂ ಡಾಲರ್ ನಿನ್ನದೇ, ಏಳು ದಿನದ ಬಾಳಿಕೆಯೂ ಧಾರಾಳವಾಯಿತು.

ಕಾವಾ ಎಂಬ ಅಮೆರಿಕದ ಹೋಟೆಲು ಸರಣಿಯವರ ದಾರಿ ನನಗೆ ಸರಿ ಕಾಣುತ್ತದೆ. 2006ರಲ್ಲಿ ಮೇರಿಲ್ಯಾಂಡಿನ ರಾಕ್‌ವಿಲ್‌ನಲ್ಲಿ ಹೋಟೆಲು ತೆರೆದರು, ಆಮೇಲೆ ಹಮ್ಮಸ್‌ನಂಥ ಅದ್ದಿ ತಿನ್ನುವ ತಮ್ಮ ಡಿಪ್‌ಗಳನ್ನು ಹೋಲ್ ಫುಡ್ಸ್ ಸೂಪರ್‌ಮಾರ್ಕೆಟ್ಟಿಗೆ ಕೊಟ್ಟರು, 2011ರಲ್ಲಿ ಬೆಥೆಸ್ಡಾದಲ್ಲಿ ಬೌಲ್ ಕಟ್ಟಿಕೊಡುವ ಕೌಂಟರ್ ಶುರುಮಾಡಿದರು. ಅದೇ ಹಮ್ಮಸ್ ಅನ್ನದ ಬೌಲಿನ ಮೇಲೆ ಕೂತರೆ ಊಟದ ಬೆಲೆ ಸಿಗುತ್ತದೆ. ನೀನೂ ಮೊದಲು ಸಂತೆ, ಆಫೀಸುಗಳ ಮಧ್ಯಾಹ್ನದೂಟ, ವಾರದ ಮುಂಗಡ ಆರ್ಡರ್ ಹಿಡಿ. ಬಂದ ಆರ್ಡರಿನಷ್ಟೇ ರುಬ್ಬು.

ಈ ಶನಿವಾರ ಅಡುಗೆಮನೆ ಬಾಡಿಗೆಗೆ ಹಿಡಿದು ಒಂದು ಸಲ 10 ಕೆಜಿ ಮಾಡು. ಹನ್ನೆರಡು ಡಬ್ಬಿ 4 ಡಿಗ್ರಿಯಲ್ಲಿಡು. ದಿನ ಬಿಟ್ಟು ದಿನ ಒಂದನ್ನು ತೆರೆದು ಪಿಎಚ್, ವಾಸನೆ, ಮೇಲೆ ನಿಂತ ನೀರು ಬರೆದಿಡು. ನಾಲಿಗೆಗೆ ಚೆನ್ನಾಗಿದ್ದ ಮಾತ್ರಕ್ಕೆ ಸುರಕ್ಷಿತ ಅಲ್ಲ, ಆದ್ದರಿಂದ ಒಂದನೇ, ಐದನೇ, ಒಂಬತ್ತನೇ ದಿನದ ಡಬ್ಬಿಗಳನ್ನು ಲ್ಯಾಬಿಗೆ ಕೊಡು. ವರದಿ ಬಂದ ಕೂಡಲೇ ನನಗೂ ಒಂದು ಪ್ರತಿ ಕಳಿಸು, ಅಲ್ಲಿಯವರೆಗೆ ಡಬ್ಬಿಯ ಮೇಲೆ ದಿನಾಂಕ ಅಚ್ಚು ಹಾಕಿಸಬೇಡ.

ನಿನ್ನ ದೊಡ್ಡಪ್ಪ