ಹೆಬ್ಬೆಟ್ಟು ಒತ್ತಿಸುವ ಮುಂಚೆ ವಿವರಿಸಿ

ಸಂಪಾದಕರೇ,

ವಯಸ್ಸಾದಂತೆ ಮೆದುಳು ಹೇಗೆ ಬದಲಾಗುತ್ತದೆ, ಮರೆವಿನ ಕಾಯಿಲೆ ಯಾರಿಗೆ ಯಾಕೆ ಬರುತ್ತದೆ ಅಂತ ತಿಳಿಯಲು ಐಐಎಸ್‌ಸಿ (ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ) ಆವರಣದ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ದೊಡ್ಡ ಅಧ್ಯಯನ ಕೈಗೊಂಡಿದೆ. 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ಗಮನಿಸುವ ಗುರಿ ಅದರದ್ದು. ಇದು ಸಣ್ಣ ಕೆಲಸವಲ್ಲ. ಈ ಕಾಯಿಲೆಯ ಬಗ್ಗೆ ಇರುವ ಮಾಹಿತಿ ಜಾಸ್ತಿ ಯುರೋಪ್, ಅಮೆರಿಕದವರದ್ದು. ನಮ್ಮ ಊಟ, ನಮ್ಮ ಹೊಲದ ದುಡಿಮೆ, ಶಾಲೆಯ ಮುಖ ನೋಡದ ನಮ್ಮ ಅಜ್ಜಿಯರು ಅದರಲ್ಲಿ ಎಲ್ಲಿದ್ದಾರೆ?

ಆದರೂ ಇಂಥದ್ದಕ್ಕೆ ಸೇರಲು ಜನ ಹೆದರುತ್ತಾರೆ. "ರಕ್ತ ತಗೊಂಡೋಗಿ ಏನ್ ಮಾಡ್ತಾರಪ್ಪ?" ಅಂತ ನಮ್ಮ ದೊಡ್ಡಮ್ಮ ಕೇಳಿದರು, ನ್ಯಾಯವಾದ ಪ್ರಶ್ನೆಯೇ ಅಲ್ವಾ? ಬೇರೊಂದು ಕಾಲೇಜಿನ ಸಮೀಕ್ಷೆಗೆ ಬಂದವರು ಅವರ ಮುಂದೆ ಇಂಗ್ಲಿಷ್ ಫಾರಂ ಇಟ್ಟು, ಸೀದಾ ಕೊನೇ ಪುಟ ತೆಗೆದು ಹೆಬ್ಬೆಟ್ಟು ಒತ್ತಿ ಅಂದರು. ಅದು ಒಪ್ಪಿಗೆ ಅಲ್ಲ. ಅರ್ಥವಾಗುವ ಭಾಷೆಯಲ್ಲಿ ವಿವರಿಸಬೇಕು, ಓದಲು ಬಾರದವರಾದರೆ ಅಧ್ಯಯನಕ್ಕೆ ಸಂಬಂಧವಿಲ್ಲದ ಒಬ್ಬ ಸಾಕ್ಷಿ ಪಕ್ಕದಲ್ಲಿರಬೇಕು, ಬೇಡ ಅನಿಸಿದ ದಿನ ಬಿಟ್ಟು ಬರಬಹುದು, ಬಿಟ್ಟರು ಅಂತ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಹೊಸ ಔಷಧದ ಪ್ರಯೋಗದಿಂದ ಹಾನಿಯಾದರೆ ಪರಿಹಾರ ಕೊಡಬೇಕು ಅಂತ ಕೇಂದ್ರ ಸರ್ಕಾರದ 2019ರ ಔಷಧ ಪ್ರಯೋಗ ನಿಯಮಗಳಲ್ಲೇ ಇದೆ.

ಸೇರಿ, ಖಂಡಿತ ಸೇರಿ. ಸೇರುವವರ ಹಿತ, ಹಕ್ಕು ನೋಡಿಕೊಳ್ಳುವ ಎಥಿಕ್ಸ್ ಕಮಿಟಿ ಅಧ್ಯಯನವನ್ನು ಒಪ್ಪಿದೆಯಾ ಅಂತ ಕೇಳಿ, ಫಾರಂನ ಒಂದು ಪ್ರತಿ ಇಸ್ಕೊಳ್ಳಿ. ಸಂಶೋಧಕರೇ, ಫಲಿತಾಂಶ ಬಂದಾಗ ಕನ್ನಡದಲ್ಲಿ ಒಂದು ಪುಟ ಬರೆದು ಪಂಚಾಯಿತಿ ಕಚೇರಿ ಗೋಡೆಗೆ ಹಚ್ಚಿ.

— ಒಬ್ಬ ಓದುಗ, ಕೋಲಾರ