ಅವೆನ್ಯೂ ರಸ್ತೆಯಲ್ಲಿ ಸಿಕ್ಕ ಹಿರಿಯರಿಗೆ

ಹೋದ ಶನಿವಾರ ಬೆಂಗಳೂರಿನ ಅವೆನ್ಯೂ ರಸ್ತೆಯ ಕಾಗದದ ಅಂಗಡಿಯಲ್ಲಿ ನನ್ನ ಪಕ್ಕ ನಿಂತಿದ್ದಿರಲ್ಲ ಯಜಮಾನ್ರೇ, ನಿಮಗೆ ತುಂಬಾ ಥ್ಯಾಂಕ್ಸ್. ಹೆಸರು ಕೇಳೋದೇ ಮರೆತೆ.

ಮಗಳ 30 ರೂಪಾಯಿ ನೋಟ್‌ಬುಕ್ಕಿಗೆ ಹೂವಿನ ಹಾಳೆ ಅಂಟಿಸಿದಾಗೆಲ್ಲ ರಟ್ಟು ಸೊಟ್ಟಗಾಗುತ್ತಿತ್ತು. ನೀವು ಹಾಳೆಯನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಮೆಲ್ಲಗೆ ಬಾಗಿಸಿ ತೋರಿಸಿದಿರಿ. "ಒಂದು ಕಡೆ ಸಲೀಸಾಗಿ ಸುರುಳಿಯಾಗುತ್ತೆ, ನೋಡಮ್ಮಾ. ಆ ಸುರುಳಿ ಪುಸ್ತಕದ ಬೆನ್ನಿನುದ್ದಕ್ಕೆ ಬರಬೇಕು. ರಟ್ಟಿನ ಒಳಗೂ ಒಂದು ಹಾಳೆ ಅಂಟಿಸು, ಎರಡೂ ಕಡೆ ಎಳೆತ ಸಮ ಆಗುತ್ತೆ" ಅಂದಿರಿ.

ಹಾಗೇ ಮಾಡಿದೆ. ಮೈದಾ ಅಂಟನ್ನು ತೆಳ್ಳಗೆ ಹಚ್ಚಿ, ನಡುವಿನಿಂದ ಅಂಚಿಗೆ ಸ್ಕೇಲಿನಲ್ಲಿ ಒತ್ತಿದೆ. ರಾತ್ರಿಯಿಡೀ ರುಬ್ಬುಗುಂಡಿನ ಭಾರ. ಬೆಳಿಗ್ಗೆ ರಟ್ಟು ಹಲಗೆಯಂತೆ ನೇರವಾಗಿತ್ತು, ಒಂದು ಗುಳ್ಳೆಯೂ ಇಲ್ಲ. ಮಗಳು ಅದನ್ನು ಇನ್ನೂ ಕೆಳಗಿಟ್ಟಿಲ್ಲ.